ಡಬ್ಬಿಯೊಳಗಿನ ಬಂಡಿದಾರಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ಇಬ್ಬರು ಸೋದರಮಾವಂದಿರು ಪಾಲಾದದ್ದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಅವರು ಮನೆಯ ನಟ್ಟನಡುವೆ ಗೋಡೆ ಎಬ್ಬಿಸಿದಾಗ ನಾನು ಒಂದು ಇಟ್ಟಿಗೆಯನ್ನೂ ಎತ್ತಿಕೊಟ್ಟವನಲ್ಲ. ಆ ಗೋಡೆ ಸಾಲದೆಂಬಂತೆ ಕಬ್ಬಿಣದ ಡಬ್ಬಿಯೊಂದರ ಒಳಗೆ ಇನ್ನೊಂದು ಗೋಡೆ ಕಟ್ಟಿಕೊಟ್ಟೆ, ಅಷ್ಟೇ. ಅದಕ್ಕೆ ಆ ಊರು ನನ್ನನ್ನು ನಡೆಸಿಕೊಂಡ ರೀತಿ ಯಾವ ಶತ್ರುವಿಗೂ ಬೇಡ.

ಸಂಶಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಟಿವಿ ಕೇಬಲ್ ಎಳೆಯುವುದು, ಕ್ಯಾಮರಾ ಕೂಡಿಸುವುದು, ಇಂಟರ್‌ನೆಟ್ ಹಚ್ಚಿಕೊಡುವುದು ನನ್ನ ಉದ್ಯೋಗ. ಸುತ್ತಲಿನ ಹಳ್ಳಿಗಳಲ್ಲಿ ನಾನು ಹತ್ತದ ಕಂಬವಿಲ್ಲ. ಇಷ್ಟೆಲ್ಲ ಮಾಡಿದರೂ ಜನ ನನ್ನನ್ನು ಕರೆಯುವುದು ‘ಕೇಬಲ್ ಈರ್ಯಾ’ ಎಂದೇ. ಮೂವತ್ತು ದಾಟಿಯೂ ಮದುವೆಯಾಗದ ಗಂಡಿಗೆ ಇದು ಶೋಭಿಸುವ ಹೆಸರಲ್ಲ. ಹೆಣ್ಣಿನ ಕಡೆಯವರು ಬಂದು “ಹುಡುಗ ಎಲ್ಲಿ ಇರ್ತಾನ್ರಿ?” ಎಂದು ಕೇಳಿದರೆ ಊರವರು ಕಂಬದ ತುದಿಗೆ ಬೆರಳು ಮಾಡುತ್ತಿದ್ದರು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎನ್ನುತ್ತಾರಲ್ಲ, ನನ್ನದೂ ಅದೇ ಕಥೆ. ಕಡೆಗೆ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ನೆಟ್‌ವರ್ಕ್ ವಿದ್ಯೆಯನ್ನು ಅಷ್ಟಿಷ್ಟು ಕಲಿತೆ. ಕಲಿತದ್ದಕ್ಕಿಂತ ಮೊದಲು ಹುಬ್ಬಳ್ಳಿಗೆ ಹೋಗಿ ಕಾರ್ಡು ಅಚ್ಚು ಹಾಕಿಸಿದೆ: ಈರೇಶ, ನೆಟ್‌ವರ್ಕ್ ಕನ್ಸಲ್ಟಂಟ್.

ಇರಲಾರದೆ ಇರುವೆ ಬಿಟ್ಟುಕೊಂಡದ್ದು ಅಲ್ಲಿಂದ.

ಮಾವಂದಿರ ಊರು ಸಂಶಿಗೆ ಹತ್ತಿರ. ದೊಡ್ಡಮಾವ ಶಂಭುಲಿಂಗಪ್ಪ ಒಕ್ಕಲುತನ ಮಾಡುವವನು. ಸಣ್ಣಮಾವ ಕಾಶಿನಾಥ ಮನೆಯ ಮುಂದಿನ ಖೋಲಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟುಕೊಂಡವನು. ಹೋದ ವರ್ಷ ಇಬ್ಬರೂ ಪಾಲಾದರು. ಎಂಥ ಪಾಲು ಎಂದರೆ, ಒರಳುಕಲ್ಲು ಒಬ್ಬನಿಗೆ, ಅದರ ಗುಂಡು ಇನ್ನೊಬ್ಬನಿಗೆ. ಅವತ್ತಿನಿಂದ ಎರಡೂ ಮನೆಯವರು ಹಿಟ್ಟು ರುಬ್ಬಿಸಲು ಬೇರೆಯವರ ಮನೆಗೆ ಹೋಗುತ್ತಾರೆ. ಚೀಟಿ ಎತ್ತಿದಾಗ ದನದ ಕೊಟ್ಟಿಗೆ ಸಣ್ಣಮಾವನಿಗೆ ಬಂತು, ಚಂದ್ರಿ ಎಂಬ ಎಮ್ಮೆ ದೊಡ್ಡಮಾವನಿಗೆ ಬಂತು. ದೊಡ್ಡಮಾವ ಬೇರೆ ಕೊಟ್ಟಿಗೆ ಕಟ್ಟಿಸುವವರೆಗೆ ಎಮ್ಮೆ ಅಲ್ಲೇ ಇರಲಿ ಎಂದು ಪಂಚರು ತೀರ್ಮಾನಿಸಿದರು. ಮೇವು, ನೀರು, ಹಾಲು ಎಲ್ಲವೂ ಬೆಳಿಗ್ಗೆ ಸಂಜೆ ಬಂದುಹೋಗುವ ಆಳಿನ ಕೆಲಸ. ದೊಡ್ಡಮಾವ ಮಾತ್ರ ತಮ್ಮನ ನೆಲ ತುಳಿಯುವುದಿಲ್ಲವೆಂದು ಆಣೆ ಮಾಡಿದ. ತನ್ನ ಎಮ್ಮೆಯನ್ನು ಕ್ಯಾಮರಾದ ಮೂಲಕ ಮೊಬೈಲಿನಲ್ಲೇ ನೋಡಿಕೊಳ್ಳುತ್ತಿದ್ದ.

ಅಣ್ಣತಮ್ಮಂದಿರ ನಡುವೆ ಮಾತು ಬಂದ್. ಏನು ಹೇಳುವುದಿದ್ದರೂ “ಈರ್ಯಾ, ಹೇಳ ಅವಂಗ” ಎಂದು ನನಗೆ ಫೋನು ಬರುತ್ತಿತ್ತು. ದೊಡ್ಡವನ ತಂಗಿ, ಸಣ್ಣವನ ಅಕ್ಕ ಆದ ಶಾರದವ್ವನ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ ನಾನು ಬೈಕು ಹತ್ತಿ ಹೋಗಿ ಹೇಳಿ ಬರುತ್ತಿದ್ದೆ.

ಎಲ್ಲವೂ ಪಾಲಾದ ಮೇಲೆ ಎರಡೂ ಮನೆಗೆ ಕೂಡಿ ಉಳಿದದ್ದು ಇಂಟರ್‌ನೆಟ್ ಒಂದೇ. ಸಣ್ಣಮಾವನ ಅಂಗಡಿಯ ದೊಡ್ಡ ಪರದೆಯಲ್ಲಿ ದೊಡ್ಡಮಾವನ ಪಡಸಾಲೆಯ ಕ್ಯಾಮರಾ ಕೂಡ ಕಾಣುತ್ತಿತ್ತು.

“ಅರ್ಜಿ ತುಂಬಾಕ ಬಂದ ಮಂದಿಯೆಲ್ಲಾ ನಮ್ಮನ್ಯಾಗ ಏನ ಪಲ್ಯ ಮಾಡೀವಿ ಅಂತ ನೋಡಿ ಹೊಕ್ಕಾರ,” ಎಂದು ದೊಡ್ಡಮಾವ ಸಿಡಿದ. “ಇದನ್ನೂ ಪಾಲ ಮಾಡಲೇ!”

ಇದಕ್ಕೆ ಸರಳ ಉಪಾಯವಿತ್ತು. ಇನ್ನೊಂದು ವಾಯರು ಎಳೆದು ಬೇರೆ ಸಂಪರ್ಕ ಕೊಟ್ಟರೆ ಮುಗಿಯುತ್ತಿತ್ತು. ಕೇಬಲ್ ಈರ್ಯಾ ಆಗಿದ್ದರೆ ಅದನ್ನೇ ಮಾಡುತ್ತಿದ್ದೆ. ಆದರೆ ಕಿಸೆಯಲ್ಲಿ ಕಾರ್ಡು ಇತ್ತಲ್ಲ! ಹುಬ್ಬಳ್ಳಿಯಿಂದ ಇಂಟರ್‌ನೆಟ್ ಹಂಚುವ ಒಂದು ಡಬ್ಬಿ ತಂದು, ಎಲ್ಲರ ಎದುರಿಗೆ ಲ್ಯಾಪ್‌ಟಾಪು ತೆರೆದು ಕುಳಿತೆ.

“ಮಾಮಾ, ಇದಕ್ಕ ವಿಲ್ಯಾನ್ ಅಂತಾರ. ಡಬ್ಬಿ ಒಂದ. ಆದ್ರ ಒಳಗ ಎರಡು ಬ್ಯಾರೆ ಬ್ಯಾರೆ ಜಾಲ. ನಡುವ ಕಣ್ಣಿಗಿ ಕಾಣದ ಗ್ವಾಡಿ. ನಿಮ್ದು ಹತ್ತನೇ ನಂಬರಿನ ವಿಲ್ಯಾನ್, ಸಣ್ಣಮಾಮಾಂದು ಇಪ್ಪತ್ತನೇ ನಂಬರಿಂದು.”

“ಅವಂಗ ಇಪ್ಪತ್ತು, ನನಗ ಹತ್ತ ಯಾಕ?”

“ಅದು ಬರೇ ಹೆಸರರಿ ಮಾಮಾ.”

“ಬರೇ ಹೆಸರಾದ್ರ ನನಗ ಇಪ್ಪತ್ತ ಇಡು.”

ಗೋಡೆಯ ಆಚೆಯಿಂದ ಸಣ್ಣಮಾವನ ದನಿ ಬಂತು: “ಈರ್ಯಾ, ಹೇಳ ಅವರಿಗಿ. ಇಪ್ಪತ್ತ ಇಟ್ರ ನಾ ಕೋರ್ಟಿಗಿ ಹೊಕ್ಕೇನಿ!”

ಕಡೆಗೆ ಹಿರಿಯನಿಗೆ ಹನ್ನೊಂದು, ಕಿರಿಯನಿಗೆ ಹತ್ತು ಎಂದಾಯಿತು. ಹಿರಿತನಕ್ಕೆ ಒಂದು ಹೆಚ್ಚು ಕೊಡುವುದು ನಮ್ಮ ಕಡೆ ವಾಡಿಕೆ. ಜಗತ್ತಿನಲ್ಲಿ ಜ್ಯೇಷ್ಠ ಪಾಲು ಪಡೆದ ವಿಲ್ಯಾನ್ ಇದೊಂದೇ ಇರಬೇಕು.

ಸುದ್ದಿ ಹಬ್ಬಿ ಊರವರು ಡಬ್ಬಿ ನೋಡಲು ಬಂದರು. ಬಾಜು ಮನೆಯ ಎಮ್ಮೆ ವ್ಯಾಪಾರಿ, ಊರ ಪಂಚರಲ್ಲಿ ಒಬ್ಬನಾದ ಇಮಾಮುದ್ದೀನ ಡಬ್ಬಿಗೆ ಕಿವಿ ಹಚ್ಚಿ ಕೇಳಿದ. “ಇಟ್ಟಂಗಿ ಇಲ್ಲದ ಗ್ವಾಡಿ! ಹೋದ ವರ್ಷ ತಂದಿದ್ರ ಸಿಮೆಂಟರ ಉಳೀತಿತ್ತು,” ಎಂದ. ದೊಡ್ಡಮಾವನಿಗೆ ಹೆಮ್ಮೆ ತಡೆಯಲಾಗಲಿಲ್ಲ. ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಹೇಳಿದ:

“ನೀ ಬರೇ ಕಂಬಾ ಹತ್ತಾಂವ ಅಂತ ತಿಳದಿದ್ದೆ. ನಿಮ್ಮವ್ವ ರೋಹಿಣಿ ಮಾತ ತಗದಿದ್ಲು. ಸೋಮವಾರ ಸಕ್ಕರಿ ಶಾಸ್ತ್ರ ಮುಗಿಸಿಬಿಡೂಣು.”

ಸಕ್ಕರೆ ಶಾಸ್ತ್ರ ಎಂದರೆ ಹಿರಿಯರು ಹುಡುಗಿಯ ಬಾಯಿಗೆ ಸಕ್ಕರೆ ಹಾಕಿ ಮದುವೆ ಗಟ್ಟಿ ಮಾಡುವುದು. ರೋಹಿಣಿ ದೊಡ್ಡಮಾವನ ಮಗಳು, ಕುಂದಗೋಳದ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ಅವಳೆಂದರೆ ನನಗೆ ಜೀವ. ಅವಳಿಗೆ ನಾನೆಂದರೆ ಏನು ಎಂಬುದು ತಿಳಿದಿರಲಿಲ್ಲ, ಏಕೆಂದರೆ ಅವಳೆದುರು ನಿಂತರೆ ನನ್ನ ಬಾಯಿಂದ ಮಾವಂದಿರ ಸುದ್ದಿ ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ. ಅಂತೂ ಅಂದು ನಾನು ಸಂಶಿಗೆ ಮರಳಿದ್ದು ಬೈಕಿನ ಮೇಲೋ ಗಾಳಿಯ ಮೇಲೋ ನೆನಪಿಲ್ಲ.

ಮರುದಿನವೇ ಫೋನು ಬಂತು.

“ಈರ್ಯಾ! ನನ್ನ ಎಮ್ಮಿ ಎಲ್ಲಿ?”

“ಕೊಟಗ್ಯಾಗ ಇರಬೇಕಲ್ರಿ ಮಾಮಾ.”

“ಕೊಟಗ್ಯಾಗ ಐತಿ ಅನ್ನೂದ ನನಗೂ ಗೊತ್ತೈತಿ. ಮೊಬೈಲ್ನ್ಯಾಗ ಎಲ್ಲಿ? ಅಗದಿ ಕರ್‍ರಗ ಆಗೇತಿ!”

“ಎಮ್ಮಿ ಕರ್‍ರಗ ಇರ್ತೈತ್ರಿ ಮಾಮಾ.”

ಆ ಕಡೆಯಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ತಪ್ಪು ನನಗೆ ಆಗ ಹೊಳೆಯಿತು. ಕೊಟ್ಟಿಗೆ ಸಣ್ಣಮಾವನದು, ಆದ್ದರಿಂದ ಕೊಟ್ಟಿಗೆಯ ಕ್ಯಾಮರಾವನ್ನು ನಾನು ಅವನ ಹತ್ತನೇ ನಂಬರಿನ ಜಾಲಕ್ಕೆ ಹಾಕಿದ್ದೆ. ದೊಡ್ಡಮಾವನ ಮೊಬೈಲು ಹನ್ನೊಂದರಲ್ಲಿತ್ತು. ನಡುವೆ ನಾನೇ ಕಟ್ಟಿದ ಗೋಡೆ. ಚಂದ್ರಿಗೆ ದಿನ ತುಂಬಿತ್ತು. ಹಿಂದಿನ ಸಲ ಈಯುವಾಗ ಯಾರೂ ನೋಡದೆ ಕರು ಉಳಿದಿರಲಿಲ್ಲ. ಆ ಸಂಕಟ ದೊಡ್ಡಮಾವನಿಗೆ ಇನ್ನೂ ಆರಿರಲಿಲ್ಲ.

“ಎಮ್ಮಿ ಕಾಣೂತನಕ ಸಕ್ಕರಿ ಇಲ್ಲ ಗಿಕ್ಕರಿ ಇಲ್ಲ,” ಎಂದು ಫೋನು ಇಟ್ಟ.

ಇದು ದೊಡ್ಡ ಕೆಲಸವೇನಲ್ಲ. ಎರಡು ಜಾಲ ಬೇರೆಯಾಗಿಯೇ ಇರುತ್ತವೆ. ಆದರೆ ಒಂದರಿಂದ ಹೊರಟದ್ದು ಮೇಲೆ ಹೋಗಿ, ಅಲ್ಲಿ ಅಪ್ಪಣೆ ಇದ್ದರೆ ಇನ್ನೊಂದಕ್ಕೆ ಇಳಿಯುವಂತೆ ಡಬ್ಬಿಗೆ ಹೇಳಿಕೊಡಬಹುದು. ಎರಡು ಸಾಲು ಬರೆದರೆ ಸಾಕು. ಸುಮ್ಮನೆ ಬರೆದುಬಿಟ್ಟಿದ್ದರೆ ಒಂದು ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಆದರೆ ಕನ್ಸಲ್ಟಂಟ್ ಆದವನು ಕೇಳದೆ ಮಾಡಬಾರದೆಂದು ಸಣ್ಣಮಾವನ ಅಂಗಡಿಗೆ ಹೋದೆ.

“ಮಾಮಾ, ನಿಮ್ಮ ಜಾಲದಾಗ ದೊಡ್ಡಮಾಮಾಗ ಒಂದ ದಾರಿ ಬಿಡಬೇಕಾಗೇತಿ.”

ಸಣ್ಣಮಾವನ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು. ಆಗ ನನಗೆ ನಾನು ಏನು ಹೇಳಿದೆನೆಂದು ಗೊತ್ತಾಯಿತು. ನಮ್ಮ ಕಡೆ ಪಾಲಾದವರ ನಡುವೆ ಹೆಂಡತಿ ಮಕ್ಕಳ ಮಾತು ಬೇಕಾದರೆ ಎತ್ತಬಹುದು, ದಾರಿಯ ಮಾತು ಎತ್ತಬಾರದು. ಒಳಗಿನ ಹೊಲಕ್ಕೆ ಬಂಡಿ ಹೋಗಲು ದಾರಿ ಬಿಡು ಎಂದು ಅಜ್ಜ ಹಾಕಿದ ದಾವೆಯನ್ನು ಮೊಮ್ಮಗ ನಡೆಸುತ್ತಿರುವ ಮನೆಗಳು ಎಷ್ಟೋ ಇವೆ.

“ದಾರಿ!” ಎಂದ ಸಣ್ಣಮಾವ. “ಇವತ್ತ ಎಮ್ಮಿ ನೋಡಾಕ ದಾರಿ, ನಾಳೆ ಕೊಟಗಿ ನಂದ ಅನ್ನಾಕ ದಾರಿ. ಪಂಚರನ್ನ ಕರೀರಿ!”

ಶನಿವಾರ ಮನೆ ಮುಂದಿನ ಕಟ್ಟೆಯ ಮೇಲೆ ಪಂಚಾಯ್ತಿ ಕೂಡಿತು. ಇಮಾಮುದ್ದೀನನ ಜೊತೆಗೆ ಇನ್ನೊಬ್ಬ ಪಂಚರಾದ ಲಕ್ಷ್ಮಣಪ್ಪನವರು ಬಂದರು. ಅವರು ಸರ್ವೇಯರ್ ಆಗಿ ನಿವೃತ್ತರಾದವರು. ನೌಕರಿ ಹೋದರೂ ಅಳತೆಯ ಟೇಪು ಕೈ ಬಿಟ್ಟಿರಲಿಲ್ಲ. ಡಬ್ಬಿಯನ್ನು ವಾಯರಿನ ಸಮೇತ ತಂದು ನಡುವೆ ಇಟ್ಟರು. ಲಕ್ಷ್ಮಣಪ್ಪನವರು ಉದ್ದ, ಅಗಲ, ಎತ್ತರ ಅಳೆದು ಕನ್ನಡಕ ಮೇಲೆ ಸರಿಸಿದರು.

“ಗಡಿಕಲ್ಲ ಎಲ್ಲದಾವ?”

“ಇದರಾಗ ಗಡಿಕಲ್ಲ ಇರೂದಿಲ್ರಿ.”

“ಗಡಿಕಲ್ಲ ಇಲ್ಲದ ಪಾಲ ಹೆಂಗ ಮಾಡಿದಿಪಾ? ಹೋಗ್ಲಿ. ಕಾಲುದಾರಿ ಕೇಳ್ತಾರೋ ಬಂಡಿದಾರಿ ಕೇಳ್ತಾರೋ?”

“ಅದರಾಗ ಬಂಡಿ ಹೋಗೂದಿಲ್ರಿ ಕಾಕಾ. ಬರೇ ವಿಡಿಯೊ ಬರ್ತೈತಿ.”

“ವಿಡಿಯೊ ಅಂದ್ರ ಹಗೂರೋ ವಜ್ಜಾನೋ?”

“ವಿಡಿಯೊ ಭಾಳ ವಜ್ಜರಿ,” ಎಂದುಬಿಟ್ಟೆ. ವಿದ್ಯೆ ಬಾಯಿಗೆ ಬಂದುಬಿಡುತ್ತದೆ, ಏನು ಮಾಡುವುದು?

“ವಜ್ಜ ಅಂದ ಮ್ಯಾಲೆ ಬಂಡಿದಾರಿನ ಆತು!” ಎಂದು ಲಕ್ಷ್ಮಣಪ್ಪನವರು ತೊಡೆ ತಟ್ಟಿದರು. ಸಣ್ಣಮಾವ ಎದ್ದು ನಿಂತ. ಬಂಡಿದಾರಿ ಕೊಡುವುದಾದರೆ ತನ್ನ ಹೆಣ ಬೀಳಬೇಕು ಎಂದ. ದೊಡ್ಡಮಾವ, ಹೆಣ ಬಿದ್ದರೂ ಅದನ್ನು ಒಯ್ಯುವುದಕ್ಕೂ ಒಂದು ದಾರಿ ಬೇಕಲ್ಲ ಎಂದು ನನ್ನ ಮೂಲಕ ಹೇಳಿ ಕಳಿಸಿದ. ಹೇಳಿ ಕಳಿಸಿದ್ದು ಎಂದರೆ, ಅವನು ಕಟ್ಟೆಯ ಆ ತುದಿಯಲ್ಲಿ, ಇವನು ಈ ತುದಿಯಲ್ಲಿ. ನಡುವೆ ನಾನು ಒಬ್ಬನ ಮಾತನ್ನು ಒಬ್ಬನಿಗೆ ಎರಡೆರಡು ಸಲ ಹೇಳುತ್ತ ಕತ್ತು ತಿರುಗಿಸುತ್ತಿದ್ದೆ. ನಾನು ಹೇಳುವವರೆಗೆ ಇಬ್ಬರಿಗೂ ಏನೂ ಕೇಳಿಸಿರಲಿಲ್ಲ ಎಂಬ ಮುಖ ಬೇರೆ.

ಕಡೆಗೆ ಸಣ್ಣಮಾವ ಮೆತ್ತಗಾದ. “ಹಾಳಾಗಿ ಹೋಗ್ಲಿ, ಎಮ್ಮಿ ನೋಡಾಕ ಅವರ ಕಡಿಂದ ಬರ್ಲಿ. ಆದ್ರ ನನ್ನ ಪಾಲಿನಾಗಿಂದ ಒಂದ ಕಡ್ಡಿ ಹೊರಗ ಹೋಗಬಾರ್ದು.”

“ಹಂಗಂದ್ರ ಆಗೂದಿಲ್ರಿ ಮಾಮಾ! ಮೊಬೈಲು ಎಮ್ಮಿ ತೋರ್ಸು ಅಂತ ಕೇಳ್ತೈತಿ. ಕ್ಯಾಮರಾ ಎಮ್ಮಿ ಚಿತ್ರ ತಿರುಗಿ ಕಳಸ್ತೈತಿ. ಹೋಗಾಕಷ್ಟ ಬಿಟ್ಟು ಬರಾಕ ಬಿಡಲಿಲ್ಲಂದ್ರ ಏನ ಕಂಡೀತು?”

“ನನ್ನ ಕೊಟಗಿದು ಚಿತ್ರ ನಂದು. ಅದನ್ನ ಯಾಕ ಕಳಸ್ಲಿ?”

ಪಂಚರು ತಲೆಗೆ ತಲೆ ಹಚ್ಚಿ ಯೋಚಿಸಿದರು. ಹೋಗುವ ದಾರಿ ಕೊಟ್ಟದ್ದು ಕಾಶಿನಾಥನ ದೊಡ್ಡಗುಣ, ಬರುವ ದಾರಿಯ ವಿಚಾರ ಮುಂದಿನ ಸಭೆಯಲ್ಲಿ ಎಂದು ತೀರ್ಪು ಕೊಟ್ಟರು. ನಾನು ಹಲ್ಲು ಕಚ್ಚಿ ಹಾಗೆಯೇ ಬರೆದೆ. ದೊಡ್ಡಮಾವನ ಮೊಬೈಲಿನಲ್ಲಿ ಗಾಣದ ಎತ್ತಿನಂತೆ ಒಂದು ಚಕ್ರ ತಿರುಗುತ್ತಲೇ ಇತ್ತು, ಎಮ್ಮೆ ಬರಲಿಲ್ಲ.

“ಹೋಗಾಕ ಹತ್ತೇತಿ ನೋಡು,” ಎಂದು ಲಕ್ಷ್ಮಣಪ್ಪನವರು ಸಮಾಧಾನ ಹೇಳಿದರು. “ಬರೂದ ಆಮ್ಯಾಲೆ ನೋಡೂಣು.”

ಅಷ್ಟರಲ್ಲಿ ಇಮಾಮುದ್ದೀನನಿಗೆ ಒಂದು ಸಂಶಯ ಬಂತು. ಈ ಡಬ್ಬಿಯ ಕೀಲಿ ಯಾರ ಹತ್ತಿರ ಇದೆ? ನನ್ನ ಹತ್ತಿರ ಇದೆ ಎಂದೆ. ತಪ್ಪಾಯಿತು. ದೊಡ್ಡಮಾವನಿಗೆ ನಾನು ಸಣ್ಣಮಾವನ ಮನುಷ್ಯ, ಸಣ್ಣಮಾವನಿಗೆ ನಾನು ದೊಡ್ಡಮಾವನ ಆಗುವ ಅಳಿಯ. ಮಠದ ಹುಂಡಿಗೆ ಇಬ್ಬರ ಬೀಗ ಇರುವಂತೆ ಪಾಸ್‌ವರ್ಡನ್ನೂ ಎರಡು ತುಂಡು ಮಾಡಬೇಕೆಂದು ಠರಾವಾಯಿತು. ಒಬ್ಬನು ತನ್ನ ತುಂಡು ಒತ್ತುವಾಗ ಊರೆಲ್ಲ ಬೆನ್ನು ತಿರುಗಿಸಿ ನಿಂತಿತು. ನಂತರ ಇನ್ನೊಬ್ಬನು ಒತ್ತಿದ, ಊರು ಮತ್ತೊಮ್ಮೆ ಬೆನ್ನು ತಿರುಗಿಸಿತು. ನಾನು ಕಟ್ಟಿದ ಡಬ್ಬಿಯಿಂದ ನನ್ನನ್ನೇ ಹೊರಗೆ ಹಾಕಿದರು.

ಭಾನುವಾರ ಬೆಳಿಗ್ಗೆ ಅವ್ವನನ್ನು ಬೈಕಿನ ಮೇಲೆ ಕೂಡಿಸಿಕೊಂಡು ಮತ್ತೆ ಹೋದೆ. ಸಕ್ಕರೆ ಶಾಸ್ತ್ರಕ್ಕೆ ಒಂದೇ ದಿನ ಉಳಿದಿತ್ತು. ಅವ್ವ ದೊಡ್ಡಮಾವನ ಪಡಸಾಲೆಗೆ ಹೋದಳು. ನಾನು, ಕಟ್ಟೆಯಿಂದ ಎತ್ತಿ ಸಣ್ಣಮಾವನ ಅಂಗಡಿಯಲ್ಲಿ ಇಟ್ಟಿದ್ದ ಡಬ್ಬಿಯ ಮುಂದೆ ಕುಳಿತೆ. ಕಾಲು ಹಿಡಿದು, ಕೈ ಮುಗಿದು, ಬರುವ ದಾರಿಗೂ ಸಣ್ಣಮಾವನನ್ನು ಒಪ್ಪಿಸಿದೆ. ಆದರೆ ಬರೆಯಲು ಕೀಲಿ ಬೇಕಲ್ಲ. ದೊಡ್ಡಮಾವ ತಮ್ಮನ ಹೊಸ್ತಿಲು ತುಳಿಯದೆ ರಸ್ತೆಯಲ್ಲೇ ನಿಂತು ಕೈ ಚಾಚಿ ತನ್ನ ತುಂಡು ಒತ್ತಿದ. ಸಣ್ಣಮಾವ ತನ್ನ ತುಂಡು ಒತ್ತಿದ. ಡಬ್ಬಿ ಒಪ್ಪಲಿಲ್ಲ.

“ಈರ್ಯಾ, ಹೇಳ ಅವರಿಗಿ. ಬೇಕಂತ ತಪ್ಪ ಒತ್ಯಾರ.”

“ಈರ್ಯಾ, ಹೇಳ ಅವಂಗ. ನನ್ನ ಎಮ್ಮಿ ಹೆಸರ ನಾ ತಪ್ಪ ಒತ್ತತೇನಿ?”

ಮತ್ತೆ ಒತ್ತಿದರು, ಮತ್ತೆ ಮತ್ತೆ ಒತ್ತಿದರು. ಡಬ್ಬಿ ಬೇಸತ್ತು ಬೀಗ ಜಡಿದುಕೊಂಡಿತು. ನನಗೂ ಹಾಗೆಯೇ ಬೀಗ ಜಡಿದುಕೊಂಡು ಕುಳಿತುಕೊಳ್ಳಬೇಕು ಅನ್ನಿಸಿತು. ಪಂಚರು ಬಂದರು, ಸಂತೆಗೆ ಹೊರಟವರು ನಿಂತರು, ಅಂಗಡಿಯ ಮುಂದೆ ಗದ್ದಲವೋ ಗದ್ದಲ. ಸಾಕಾಗಿಹೋಯಿತು ನನಗೆ. ಡಬ್ಬಿಯ ಬೆನ್ನಿಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿ ಪಿನ್ನು ಚುಚ್ಚಿ ಒತ್ತಿ ಹಿಡಿದರೆ ಅದು ಕಲಿತದ್ದನ್ನೆಲ್ಲ ಮರೆತುಬಿಡುತ್ತದೆ. ಯಾರನ್ನೂ ಕೇಳದೆ ಪಿನ್ನು ಚುಚ್ಚಿದೆ. ಹತ್ತು, ಹನ್ನೊಂದು, ಗೋಡೆ, ಬಂಡಿದಾರಿ, ಎರಡು ತುಂಡಿನ ಕೀಲಿ ಎಲ್ಲವೂ ಅಳಿಸಿಹೋದವು. ಪಾಲಾಗುವ ಮೊದಲಿನಂತೆ ಎಲ್ಲ ಕ್ಯಾಮರಾಗಳೂ ಅಂಗಡಿಯ ದೊಡ್ಡ ಪರದೆಯ ಮೇಲೆ ಒಮ್ಮೆಲೇ ಹೊತ್ತಿಕೊಂಡವು, ದನಿಯ ಸಮೇತ.

ದೊಡ್ಡಮಾವನ ಪಡಸಾಲೆ ಕಂಡಿತು. ಅವ್ವ ಮತ್ತು ರೋಹಿಣಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

“ನಿನ್ನ ಮನಸ್ಸಿನಾಗ ಏನೈತಿ, ನನಗರ ಹೇಳವಾ,” ಎಂದಳು ಅವ್ವ.

ರಸ್ತೆಯ ಮೇಲಿನ ಜನವೆಲ್ಲ ಪರದೆಯ ಕಡೆ ತಿರುಗಿತು. ನಾನು ಪರದೆ ಆರಿಸಲು ಹೋದೆ. ಇಮಾಮುದ್ದೀನ ನನ್ನ ಕೈ ಹಿಡಿದುಕೊಂಡ.

“ನಿಮ್ಮ ಮಗ ಒಳ್ಳೇಂವರಿ ಅತ್ತಿ,” ಎಂದಳು ರೋಹಿಣಿ. “ಆದ್ರ ಅಪ್ಪನ ಮಾತ ತಗೊಂಡು ಕಾಕಾನ ಹಂತೇಕ ಹೊಕ್ಕಾನ. ಕಾಕಾನ ಮಾತ ತಗೊಂಡು ಅಪ್ಪನ ಹಂತೇಕ ಬರ್ತಾನ. ನನ್ನ ಹಂತೇಕ ಬಂದಾಗೂ ಅವರದ ಮಾತು. ತನ್ನ ಮಾತ ಯಾವಾಗ ಆಡ್ತಾನೋ ಅಂತ ಕಾಯಾಕ ಹತ್ತೇನಿ. ನಾಳೆ ಸಕ್ಕರಿ ಹಾಕಾಕ ಬಂದಾಗೂ ಆಡಲಿಲ್ಲಂದ್ರ ನಾ ಬಾಯಿ ತಗಿಯಾಕಿ ಅಲ್ಲ.”

ಊರೆಲ್ಲ ನನ್ನ ಮುಖ ನೋಡಿತು. ಕಂಬ ಹತ್ತಿ ಕುಳಿತುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಸಣ್ಣಮಾವನ ಹೆಂಡತಿ ಅಮೃತತ್ತೆಯ ಕೂಗು ಕೇಳಿಸಿತು:

“ರೋಹಿಣೀ! ಚಂದ್ರಿ ಈಯಾಕ ಹತ್ತೇತಿ, ಲಗೂನ ಬಾ!”

“ಬಂದ್ನಿ ಚಿಗವ್ವ!” ಎಂದು ಅವರೆಕಾಯಿ ಚೆಲ್ಲಿ ರೋಹಿಣಿ ಓಡಿದಳು. ಪಡಸಾಲೆಯ ಚಿತ್ರದಿಂದ ಮಾಯವಾದಳು. ದೊಡ್ಡಮಾವ ಮುಂಬಾಗಿಲ ಕಡೆ ತಿರುಗಿ ನೋಡಿದ. ಅವಳು ಅಲ್ಲಿಂದ ಹೊರಬರಲಿಲ್ಲ. ಮರುಕ್ಷಣ ಪರದೆಯ ಇನ್ನೊಂದು ಮೂಲೆಯಲ್ಲಿ, ಕೊಟ್ಟಿಗೆಯ ಚಿತ್ರದಲ್ಲಿ, ಸೆರಗು ಸಿಕ್ಕಿಸಿಕೊಂಡು ಚಂದ್ರಿಯ ಹಿಂದೆ ಕುಳಿತಿದ್ದಳು.

“ಇಕಿ ಅಲ್ಲಿ ಹೆಂಗ ಹೋದ್ಲು?” ಎಂದ ದೊಡ್ಡಮಾವ.

“ದಾರಿನ ಇಲ್ಲಲ್ಲ!” ಎಂದ ಸಣ್ಣಮಾವ.

ಲಕ್ಷ್ಮಣಪ್ಪನವರು ಟೇಪು ಹಿಡಿದು ಎದ್ದರು. ದೊಡ್ಡಮಾವನ ಮನೆಯೊಳಗಿಂದಲೇ ಹಿತ್ತಲಿಗೆ ನುಗ್ಗಿದೆವು. ಗೋಡೆ ಬಚ್ಚಲಿನವರೆಗೆ ಬಂದು ನಿಂತಿತ್ತು. ಅದರಾಚೆ ಕಟ್ಟಿರಲಿಲ್ಲ. ಭಾಂಡೆ ತಿಕ್ಕುವ ಜಾಗಕ್ಕೆ ಗಂಡಸರಲ್ಲಿ ಯಾರು ಹೋಗುತ್ತಾರೆ? ಆ ಸಂದಿಗೆ ಒಂದು ಹಳೆಯ ಸೀರೆ ಇಳಿಬಿಟ್ಟಿತ್ತು. ಲಕ್ಷ್ಮಣಪ್ಪನವರು ಸೀರೆ ಸರಿಸಿ, ಬಗ್ಗಿ ನೆಲ ಮುಟ್ಟಿ ನೋಡಿದರು.

“ರೂಢಿ ದಾರಿ,” ಎಂದು ಘೋಷಿಸಿದರು. “ಪಾಲಾದ ದಿನದಿಂದ ನಡದಾರ. ಹುಲ್ಲ ಸೈತ ಬೆಳದಿಲ್ಲ.”

ಕೇಳಿಸಿಕೊಳ್ಳಲು ದೊಡ್ಡಮಾವ ಅಲ್ಲಿರಲಿಲ್ಲ. ಆಣೆ ಪಾಣೆ ಮರೆತು ಕೊಟ್ಟಿಗೆಯಲ್ಲಿ ನಿಂತಿದ್ದ. ಸಣ್ಣಮಾವ ಆ ಕಡೆಯಿಂದ ಬಂದ. ಕರು ಹುಲ್ಲಿನ ಮೇಲೆ ಬಿದ್ದಿತ್ತು. ರೋಹಿಣಿ ಅದರ ಮೂಗು ಒರೆಸುತ್ತಿದ್ದಳು, ಅಮೃತತ್ತೆ ಮೈ ತಿಕ್ಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದು ಕಿವಿ ಅಲ್ಲಾಡಿಸಿತು. ದೊಡ್ಡಮಾವನ ಕಣ್ಣಲ್ಲಿ ನೀರು ತುಂಬಿತು. ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡೆ. ನಾನೆಂಥ ದಡ್ಡ!

“ಈರ್ಯಾ,” ಎಂದ ದೊಡ್ಡಮಾವ ಕಣ್ಣೊರೆಸಿಕೊಂಡು, “ಹೇಳ ಅವಂಗ. ಎಮ್ಮಿ ನಂದು. ಕರಾನೂ ನಂದ.”

ಮೊಳದಷ್ಟು ದೂರದಲ್ಲಿ ನಿಂತಿದ್ದ ಸಣ್ಣಮಾವ ನನ್ನ ತೋಳು ಜಗ್ಗಿದ. “ಈರ್ಯಾ, ಹೇಳ ಅವರಿಗಿ. ಕರಾ ಬಿದ್ದದ್ದು ನನ್ನ ನೆಲದಾಗ.”

ನನ್ನೊಳಗೆ ಏನೋ ಪಟ್ಟನೆ ಹರಿಯಿತು.

“ಹೇಳೂದಿಲ್ಲ!” ಎಂದು ಕಿರುಚಿದೆ. “ಯಾರಿಗೂ ಏನೂ ಹೇಳೂದಿಲ್ಲ! ಇಬ್ಬರಿಗೂ ದೇವರ ಬಾಯಿ ಕೊಟ್ಟಾನಿಲ್ಲ? ಒಂದ ವರ್ಷ ಆತು, ನಿಮ್ಮ ಮಾತ ಹೊತ್ತು ಹೊತ್ತು ನನ್ನ ಮಾತ ನನಗ ಮರತ ಹೋಗೇತಿ. ಇವತ್ತ ನಂದೊಂದ ಮಾತ ಕೇಳ್ರಿ. ನನಗ ರೋಹಿಣಿ ಬೇಕು. ಆಕಿ ಹೂಂ ಅಂದ್ರ ನಾ ಮದಿವಿ ಆಗಾಂವ. ನಿಮ್ಮ ಕರಾ, ನಿಮ್ಮ ದಾರಿ, ನಿಮ್ಮ ಡಬ್ಬಿ ನೀವ ನೀವ ಬಡಿದಾಡಿಕೋರಿ!”

ಹಿರಿಯರ ಮುಂದೆ ಯಾವ ಗಂಡೂ ಹಾಗೆ ಕೇಳಿದ್ದಿಲ್ಲ. ದೊಡ್ಡಮಾವನ ಮುಖ ಕೆಂಪಾಯಿತು. ಅವನು ನನ್ನನ್ನು ನೋಡಿದ, ಆಮೇಲೆ ತಮ್ಮನನ್ನು ನೋಡಿದ.

“ಕಾಶ್ಯಾ,” ಎಂದ, “ಇಂವನ ಸೊಕ್ಕ ನೋಡಲೇ.”

“ನೋಡಾಕ ಹತ್ತೇನಿ ಅಣ್ಣಾ. ದೊಡ್ಡವ್ರು ಅನ್ನೂ ಖಬರ ಇಲ್ಲ.”

“ಇಂಥಾವಂಗ ಹೆಣ್ಣ ಕೊಡಬೇಕಂತ.”

“ಕೊಡೂದ ಕೊಡೂಣು. ಆದ್ರ ಮೊದಲ ಬುದ್ಧಿ ಕಲಸೂಣು.”

“ನಾಳೆ ನನ್ನ ಪಡಸಾಲ್ಯಾಗ ಬರ್ಲಿ, ಕಲಸ್ತೇನಿ.”

“ನಿನ್ನ ಪಡಸಾಲ್ಯಾಗ ಯಾಕ? ಅಕ್ಕನ ಮಗ, ನನಗೂ ಅಳಿಯಾನ. ಸಕ್ಕರಿ ಶಾಸ್ತ್ರ ನನ್ನ ಪಡಸಾಲ್ಯಾಗ!”

“ಹೆಣ್ಣ ನಂದಲೇ!”

“ಹೆಣ್ಣ ನಿಂದಾದ್ರ ನನ್ನ ಕೊಟಗ್ಯಾಗ ಯಾಕ ಕುಂತೇತಿ?”

ಲಕ್ಷ್ಮಣಪ್ಪನವರು ಎರಡು ಪಡಸಾಲೆಗಳಲ್ಲಿ ಯಾವುದು ದೊಡ್ಡದೆಂದು ಅಳೆಯಲು ಹೊರಟರು. ರೋಹಿಣಿ ತಲೆ ಎತ್ತಲಿಲ್ಲ. ಕರುವಿನ ಬೆನ್ನು ತಿಕ್ಕುತ್ತಲೇ ಬಕೀಟನ್ನು ಕಾಲಿನಿಂದ ನನ್ನ ಕಡೆ ನೂಕಿದಳು.

“ಹೂಂ,” ಎಂದಳು. “ಬಿಸಿನೀರ ತಗೊಂಬಾ. ಯಾರ ಮನಿದು ಅಂತ ಕೇಳಬ್ಯಾಡ.”

ಬಕೀಟು ಎತ್ತಿಕೊಂಡು ಸೀರೆ ಸರಿಸಿ ಬಚ್ಚಲಿಗೆ ನುಗ್ಗಿದೆ. ಹಿಂದೆ ಅಣ್ಣತಮ್ಮಂದಿರು ಊರಿಗೆಲ್ಲ ಕೇಳುವಂತೆ ಒಬ್ಬರ ಮುಖಕ್ಕೆ ಒಬ್ಬರು ಕೂಗಾಡುತ್ತಿದ್ದರು. ನೀರು ಕಾಯುವವರೆಗೆ ಒಲೆಯ ಮುಂದೆ ಕುಳಿತು ಕೇಳಿದೆ. ಇಬ್ಬರಲ್ಲಿ ಯಾರೂ ಒಮ್ಮೆಯೂ ನನ್ನ ಹೆಸರು ಹಿಡಿದು ಕರೆಯಲಿಲ್ಲ.